ಬಹುಮಾನ ಯಾರಿಗೆ? ಮಗುವಿಗೋ, ಅಂಗಡಿಗೋ?

ಕಳೆದ ಮಳೆಗಾಲದಲ್ಲಿ ನಾವು ನಾಲ್ವರು ಸೇರಿ ಒಂದು ಬಾಂಬರ್ ವಿಮಾನ ಕಟ್ಟಿದೆವು. ಶಿರಸಿಯ ಇಬ್ಬರು, ಸಿದ್ದಾಪುರದ ಒಬ್ಬರು, ಯಲ್ಲಾಪುರದ ಒಬ್ಬರು. ಹಾರುವ ವಿಮಾನವಲ್ಲ, ಪ್ಲಾಸ್ಟಿಕ್ ಕಿಟ್. ಎರಡನೇ ಮಹಾಯುದ್ಧದ ಬಿ-24 ಲಿಬರೇಟರ್, 48ರಲ್ಲಿ ಒಂದು ಪಾಲು ಅಳತೆ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸುಮಾರು 70 ಸೆಂಟಿಮೀಟರ್, ಅಂದರೆ ಮೂರು ಗೇಣಿಗೂ ಹೆಚ್ಚು. ಅಂಚೆ ಖರ್ಚು, ಬಣ್ಣ ಎಲ್ಲ ಸೇರಿ ಎಂಟು ಸಾವಿರ ಚಿಲ್ಲರೆ ಆಯಿತು. ನಾಲ್ವರೂ ಹಂಚಿಕೊಂಡೆವು.

ಜಗಲಿಯ ಮೇಲೆ ಅದನ್ನು ಹರಡಿಕೊಂಡು ಕೂತಾಗ ಬಂದವರೆಲ್ಲ ಕೇಳಿದ್ದು ಒಂದೇ ಮಾತು: "ಎಂತಾ ಹುಚ್ಚೋ ತಮಾ ಇದು?"

ಆಗ ನಕ್ಕು ಸುಮ್ಮನಾಗಿದ್ದೆವು. ಈಗ ಉತ್ತರ ಕೊಡಬೇಕು ಅನ್ನಿಸಿದೆ. ಯಾಕೆಂದರೆ ಅದಾದ ಮೇಲೆ ನಾವೊಂದು ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಹೋಗಿದ್ದೆವು. ನಿಜವಾದ ಹುಚ್ಚು ಯಾವುದು ಎಂದು ಗೊತ್ತಾದದ್ದು ಅಲ್ಲಿ.

ಆ ದಿನ ಕಂಡದ್ದು

ಶಾಲೆಯ ಹೆಸರು ಬೇಡ. ಇದು ಒಂದು ಶಾಲೆಯ ಕತೆ ಅಲ್ಲ, ನಿಮ್ಮ ಊರಿನ ಶಾಲೆಯಲ್ಲೂ ಹೀಗೇ ಇರಬಹುದು. ನಮ್ಮ ಲಿಬರೇಟರನ್ನು ಮಕ್ಕಳಿಗೆ ತೋರಿಸಿ ಎಂದು ಕರೆದಿದ್ದರು. ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಿ ತುಂಬಿ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಒಯ್ದೆವು.

ಅಲ್ಲಿ ಎರಡು ವಿಮಾನಗಳಿದ್ದವು.

ಒಂದು ಥರ್ಮೋಕೋಲ್ ರನ್‌ವೇ ಮೇಲೆ ನಿಂತಿತ್ತು. ಗುಂಡಿ ಒತ್ತಿದರೆ ಪಂಖ ತಿರುಗುತ್ತದೆ, ಕೆಂಪು ಹಸಿರು ದೀಪ ಮಿನುಗುತ್ತದೆ. ಹಿಂದೆ ಬಣ್ಣದ ಚಾರ್ಟು, ಅದರ ಮೇಲೆ ಪ್ರಿಂಟ್ ಹೊಡೆಸಿದ ಎರಡು ಪುಟದ ಇಂಗ್ಲಿಷ್ ವಿವರಣೆ. ವಿಮಾನದ ಹೊಟ್ಟೆಯಡಿ ಅಂಗಡಿಯ ಬೆಲೆ ಚೀಟಿ ಕಿತ್ತ ಗುರುತು ಹಾಗೇ ಇತ್ತು. "ಈ ಪಂಖ ಯಾಕೆ ಚಪ್ಪಟೆಯಾಗಿಲ್ಲ, ಯಾಕೆ ತಿರುಚಿಕೊಂಡಿದೆ?" ಎಂದು ಕೇಳಿದೆವು. ಹುಡುಗ ತಲೆ ತಗ್ಗಿಸಿದ. ಅವನದು ತಪ್ಪಿಲ್ಲ. ಹಿಂದಿನ ದಿನ ಸಂಜೆ ಅಪ್ಪ ಪೇಟೆಯಿಂದ ತಂದುಕೊಟ್ಟಿದ್ದು ಅದು.

ಇನ್ನೊಂದು ಮೂಲೆಯಲ್ಲಿತ್ತು. ಅಡಿಕೆ ಹಾಳೆಯ ರೆಕ್ಕೆ, ಸೀಳಿದ ಬಿದಿರು ಕಡ್ಡಿಯ ಬೆನ್ನೆಲುಬು, ಹಲಸಿನ ಮೇಣದ ಅಂಟು. ಮೂತಿಯಲ್ಲಿ ಒಂದು ಮಣ್ಣಿನ ಉಂಡೆ. ಆ ಉಂಡೆ ಯಾಕೆ ಎಂದೆವು. ಏಳನೇ ತರಗತಿಯ ಆ ಹುಡುಗ ಉಸಿರು ಬಿಡದೆ ಹೇಳಿದ: "ಮೊದ್ಲು ಬಿಟ್ಟಾಗ ಮೂತಿ ಮೇಲೆ ಎತ್ತಿ ಬಾಲ ಕೆಳಗೆ ಹಾಕಿ ಬಿತ್ತು. ಮೂರು ಸಲ ಹಾಂಗೇ ಆಯ್ತು. ಮುಂದೆ ಭಾರ ಸಾಲ್ತಿಲ್ಲ ಅಂತ ಮಣ್ಣು ಮೆತ್ತಿದೆ. ಜಾಸ್ತಿ ಆದ್ರೆ ಮೂತಿ ಕುಟ್ಟಿ ಬೀಳ್ತದೆ. ಇಷ್ಟೇ ಬೇಕು." ಅಂಗಳಕ್ಕೆ ಕರೆದುಕೊಂಡು ಹೋಗಿ ಬಿಟ್ಟು ತೋರಿಸಿದ. ಹದಿನೈದು ಹೆಜ್ಜೆ ದೂರ ತೇಲಿ ಹೋಗಿ ಇಳಿಯಿತು.

ಮೊದಲ ಬಹುಮಾನ ದೀಪದ ವಿಮಾನಕ್ಕೆ ಬಂತು. ಹಾಳೆಯ ವಿಮಾನಕ್ಕೆ ಸಮಾಧಾನಕರ ಬಹುಮಾನವೂ ಇಲ್ಲ. ತೀರ್ಪುಗಾರರಲ್ಲಿ ಒಬ್ಬರನ್ನು ಕೇಳಿದಾಗ ಬಂದ ಉತ್ತರ: "ಫಿನಿಶಿಂಗ್ ಸಾಲದು."

ಸಂಜೆ ಹೋಗುವಾಗ ಆ ಹುಡುಗ ತನ್ನ ವಿಮಾನವನ್ನು ಶಾಲೆಯ ಹಿಂದಿನ ಗೊಬ್ಬರಗುಂಡಿಗೆ ಎಸೆದು ಹೋದ. ನಾವು ಈ ಬರಹ ಬರೆಯುತ್ತಿರುವುದು ಆ ಗೊಬ್ಬರಗುಂಡಿಯಲ್ಲಿ ಬಿದ್ದ ವಿಮಾನಕ್ಕಾಗಿ.

ನಮ್ಮ ವಿಮಾನವೂ ಬಾಲ ಹಾಕಿ ಕೂತಿತ್ತು

ಈಗ ನಮ್ಮ ಮಾನ ಹರಾಜು ಹಾಕಿಕೊಳ್ಳುತ್ತೇವೆ, ಓದಿ.

ಲಿಬರೇಟರಿಗೆ ಮೂರು ಗಾಲಿ. ಮೂತಿಯ ಕೆಳಗೆ ಒಂದು, ರೆಕ್ಕೆಗಳ ಕೆಳಗೆ ಎರಡು. ಕಿಟ್ಟಿನಲ್ಲಿ ಪ್ಲಾಸ್ಟಿಕ್ಕಿನ ಭಾರವೆಲ್ಲ ಹಿಂದೆ ಬೀಳುತ್ತದೆ. ಹಾಗಾಗಿ ಮೈ ಮುಚ್ಚಿ ಅಂಟಿಸುವ ಮೊದಲು ಮೂತಿಯೊಳಗೆ ಭಾರ ತುಂಬಬೇಕು. ನಾವು ಪದವೀಧರರು, ಮರೆತೆವು. ಎರಡು ವಾರ ಕೆಲಸ ಮಾಡಿ ಗಾಲಿಯ ಮೇಲೆ ನಿಲ್ಲಿಸಿದರೆ ವಿಮಾನ ಮುದಿ ನಾಯಿಯ ಹಾಗೆ ಹಿಂಗಾಲು ಮಡಿಸಿ ಕೂತುಬಿಟ್ಟಿತು. ಕೊನೆಗೆ ಮೂತಿಯ ಗಾಜಿನ ಗೂಡು ಕಿತ್ತು, ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಅಂಟಿನಲ್ಲಿ ಅದ್ದಿ ಒಂದೊಂದೇ ಒಳಗೆ ತಳ್ಳಿದೆವು.

ಹಾಳೆಯ ವಿಮಾನದ ಹುಡುಗ ಯಾರೂ ಹೇಳಿಕೊಡದೆ ಕಂಡುಕೊಂಡದ್ದು ಇದನ್ನೇ. ಅವನಿಗೆ ಮೂರು ಸಲ ಬಿದ್ದಾಗ ಗೊತ್ತಾಯಿತು, ನಮಗೆ ಎಂಟು ಸಾವಿರ ಖರ್ಚಾದ ಮೇಲೆ.

ಇನ್ನೂ ಕೇಳಿ. ಮಲೆನಾಡಿನ ಆಷಾಢದಲ್ಲಿ ಬಣ್ಣ ಒಣಗುವುದಿಲ್ಲ. ಸ್ಪ್ರೇ ಹೊಡೆದ ಲ್ಯಾಕರ್ ಗಾಳಿಯ ತೇವ ಹಿಡಿದು ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಂಡಿತು. ಬಚ್ಚಲ ಒಲೆಯ ಹತ್ತಿರ ಇಟ್ಟೆವು, ಬಾಲದ ಒಂದು ರೆಕ್ಕೆ ಸೊಟ್ಟಗಾಯಿತು. ಆಮೇಲೆ ರಟ್ಟಿನ ಡಬ್ಬದಲ್ಲಿ ಬಲ್ಬು ಉರಿಸಿ ಅಂತರದಲ್ಲಿಟ್ಟು ಒಣಗಿಸಿದೆವು. ರೆಕ್ಕೆ ಮೈಗೆ ಸೇರುವ ಕಡೆ ಸಂದು ಉಳಿಯಿತು. ಪುಟ್ಟಿ ಮೆತ್ತಿ, ಒಣಗಿಸಿ, ಪಾಲಿಶ್ ಪೇಪರಿನಲ್ಲಿ ತಿಕ್ಕಿ, ಮತ್ತೆ ಮೆತ್ತಿದೆವು. ಬಲಗಡೆಯ ಒಂದು ಎಂಜಿನ್ ಈಗಲೂ ಸ್ವಲ್ಪ ಓರೆ.

ಇಷ್ಟೆಲ್ಲ ಪಾಡು ಪಟ್ಟದ್ದರಿಂದ ಬಂದದ್ದೇನು? ಗಾಲಿ, ರೆಕ್ಕೆ, ಭಾರ, ಅಂಟು, ತೇವ ಇವುಗಳ ಬಗ್ಗೆ ನಾವು ಕಾಲೇಜಿನಲ್ಲಿ ಓದಿದ್ದಕ್ಕಿಂತ ಹೆಚ್ಚು ಕಲಿತೆವು. ಕೈಗೆ ಬಂದದ್ದು ತಲೆಯಿಂದ ಹೋಗುವುದಿಲ್ಲ. ಕೊಂಡು ತಂದ ವಿಮಾನದಲ್ಲಿ ಈ ಯಾವ ತಪ್ಪಿಗೂ ಜಾಗವಿಲ್ಲ. ತಪ್ಪಿಗೆ ಜಾಗವಿಲ್ಲದ ಕಡೆ ಕಲಿಕೆಗೂ ಜಾಗವಿಲ್ಲ.

"ನೀವು ತಂದದ್ದೂ ಅಂಗಡಿಯ ಕಿಟ್ಟೇ ಅಲ್ಲವೇ?" ಎಂದು ಕೇಳುತ್ತೀರಿ. ಹೌದು. ಕಿಟ್ಟಿನಲ್ಲಿ ಭಾಗಗಳು ಸಿಗುತ್ತವೆ, ಜೋಡಿಸುವ ಕಷ್ಟ ನಮ್ಮದೇ. ಆದರೂ ಒಪ್ಪುತ್ತೇವೆ: ಹಾಳೆ, ಬಿದಿರು, ಮೇಣ ತಾನೇ ಹುಡುಕಿಕೊಂಡ ಹುಡುಗ ನಮಗಿಂತ ಒಂದು ಮೆಟ್ಟಿಲು ಮೇಲೆ. ಮೊದಲ ಮೆಟ್ಟಿಲಾಗಿ ಕಿಟ್ ಸಾಕು. ದೀಪದ ವಿಮಾನ ಯಾವ ಮೆಟ್ಟಿಲೂ ಅಲ್ಲ.

ಬೆಂಗಳೂರಿನಲ್ಲಿ ಕಟ್ಟಿದ ದೊಡ್ಡ ಕಿಟ್

ನಾವು ಲಿಬರೇಟರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಈ ವಿಮಾನಕ್ಕೂ ಕರ್ನಾಟಕಕ್ಕೂ ನಂಟು ಇದೆ. ಅದು ಪಠ್ಯಪುಸ್ತಕದಲ್ಲಿ ಸಿಗುವುದಿಲ್ಲ.

ಯುದ್ಧಕಾಲದಲ್ಲಿ ಅಮೆರಿಕ 18,000ಕ್ಕೂ ಹೆಚ್ಚು ಲಿಬರೇಟರ್‌ಗಳನ್ನು ತಯಾರಿಸಿತು. ಫೋರ್ಡ್ ಕಂಪನಿಯ ವಿಲ್ಲೋ ರನ್ ಕಾರ್ಖಾನೆಯಿಂದ ಪೂರ್ತಿ ವಿಮಾನಗಳಷ್ಟೇ ಅಲ್ಲ, ಬಿಡಿಭಾಗಗಳ ನಿಜವಾದ ಕಿಟ್‌ಗಳೂ ಲಾರಿಗಳಲ್ಲಿ ಬೇರೆ ಊರಿನ ಕಾರ್ಖಾನೆಗಳಿಗೆ ಹೋಗುತ್ತಿದ್ದವು. ಅಲ್ಲಿ ಜೋಡಿಸುತ್ತಿದ್ದರು.

ಯುದ್ಧ ಮುಗಿಯಿತು. ಭಾರತದಲ್ಲಿದ್ದ ಬ್ರಿಟಿಷ್ ವಾಯುಪಡೆಯ ಲಿಬರೇಟರ್‌ಗಳು ಕಾನ್ಪುರದಲ್ಲಿ ರಾಶಿ ಬಿದ್ದವು. ಅಮೆರಿಕದಿಂದ ಯುದ್ಧಕಾಲದ ಒಪ್ಪಂದದ ಮೇಲೆ ಬಂದ ವಿಮಾನಗಳು ಅವು. ಇನ್ನೊಬ್ಬರ ಕೈಗೆ ಸಿಕ್ಕು ಹಾರಬಾರದು ಎಂದು ಬೇಕಂತಲೇ ಜಜ್ಜಿ, ತೂತು ಕೊರೆದು ಕೆಡಿಸಿ ಹೋದರು. ಗುಜರಿ ಲೆಕ್ಕ.

ಸ್ವತಂತ್ರ ಭಾರತಕ್ಕೆ ಆಗ ಭಾರಿ ಬಾಂಬರ್ ಬೇಕಿತ್ತು, ಕೊಳ್ಳಲು ದುಡ್ಡಿರಲಿಲ್ಲ. ಆ ಗುಜರಿಯನ್ನು ಎತ್ತಿಕೊಂಡದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಇಂದಿನ ಎಚ್‌ಎಎಲ್. ವಾಲಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಕಟ್ಟಿದ ಕಾರ್ಖಾನೆ ಅದು. ಅಲ್ಲಿನ ಕೆಲಸಗಾರರು ಕಾನ್ಪುರದ ರಾಶಿಯಲ್ಲಿ ಒಂದು ವಿಮಾನದ್ದು ಇನ್ನೊಂದಕ್ಕೆ ಹಾಕಿ, ಹೇಗೋ ಹಾರುವಷ್ಟು ಮಾಡಿದರು. ಕಾರ್ಖಾನೆಯ ಪೈಲಟ್ ಜಮ್‌ಶೆಡ್ ಮುನ್ಶಿ ಅವನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಬೆಂಗಳೂರಿನಲ್ಲಿ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದರು. ಹೀಗೆ 40ರಷ್ಟು ವಿಮಾನಗಳು ಎದ್ದು ನಿಂತವು. 1948ರ ನವೆಂಬರಿನಲ್ಲಿ ಅವುಗಳಿಂದಲೇ ವಾಯುಪಡೆಯ ಐದನೇ ಸ್ಕ್ವಾಡ್ರನ್ ಶುರುವಾಯಿತು. 1968ರವರೆಗೆ ಹಾರಿದವು. ಬೇರೆ ದೇಶಗಳಲ್ಲಿ ಲಿಬರೇಟರ್‌ಗಳು ಕರಗಿ ಪಾತ್ರೆಯಾಗಿಹೋಗಿದ್ದ ಕಾಲ ಅದು. ಇವತ್ತು ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಮ್ಮಿನಲ್ಲಿ, ಕೆನಡಾದ ಒಟ್ಟಾವಾದಲ್ಲಿ, ಅಮೆರಿಕದ ಪೀಮಾ ಮ್ಯೂಸಿಯಮ್ಮಿನಲ್ಲಿ ನಿಂತಿರುವ ಲಿಬರೇಟರ್‌ಗಳು ಭಾರತದಿಂದ ಹೋದವೇ.

ಆ ಕೆಲಸಗಾರರನ್ನು ನಮ್ಮ ಶಾಲೆಯ ಪ್ರದರ್ಶನಕ್ಕೆ ಕರೆದಿದ್ದರೆ ನಮ್ಮ ತೀರ್ಪುಗಾರರು ಏನನ್ನುತ್ತಿದ್ದರು? "ತಗಡು ಹೊಸದಲ್ಲ, ತೇಪೆ ಕಾಣುತ್ತದೆ, ಫಿನಿಶಿಂಗ್ ಸಾಲದು." ಬಹುಮಾನ ಯಾರಿಗೋ ಹೋಗುತ್ತಿತ್ತು.

ಕಾರವಾರದಲ್ಲಿ ಸೆಲ್ಫಿ ಮಾತ್ರ

ಬೆಂಗಳೂರು ದೂರವಾಯಿತೇ? ನಮ್ಮ ಜಿಲ್ಲೆಗೇ ಬನ್ನಿ.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯ ಪಕ್ಕ ಟುಪೊಲೆವ್ ಟಿಯು-142 ವಿಮಾನ ನಿಂತಿದೆ. ರಷ್ಯಾದ ಟಿಯು-95 ಎಂಬ ಭಾರಿ ಬಾಂಬರಿನ ತಮ್ಮ ಇದು. ನಮ್ಮ ನೌಕಾಪಡೆ ಇದನ್ನು ಸಮುದ್ರದ ಕಾವಲಿಗೆ, ಜಲಾಂತರ್ಗಾಮಿ ಹುಡುಕಲಿಕ್ಕೆ 1988ರಿಂದ ಬಳಸಿತು. ಇಂಥ ಎಂಟು ವಿಮಾನಗಳಿದ್ದವು. 2017ರ ಮಾರ್ಚ್ 29ರಂದು ತಮಿಳುನಾಡಿನ ಅರಕ್ಕೋಣಂ ನೆಲೆಯಲ್ಲಿ ನಿವೃತ್ತಿಯಾದವು. ರೆಕ್ಕೆಯ ಅಗಲ ಸುಮಾರು 50 ಮೀಟರ್. ಇಷ್ಟು ದೊಡ್ಡದು ಕಾರವಾರಕ್ಕೆ ಬಂದದ್ದು ಹೇಗೆ? ಬಿಚ್ಚಿ, ಭಾಗ ಭಾಗವಾಗಿ ಲಾರಿಗೆ ಏರಿಸಿ, 2023ರಲ್ಲಿ ತಂದು ಕಡಲತೀರದಲ್ಲಿ ಮತ್ತೆ ಜೋಡಿಸಿದರು. ಇದೂ ಕಿಟ್ಟೇ, ಒಂದಕ್ಕೆ ಒಂದು ಅಳತೆಯದು.

ದೇವಿಮನೆ ಘಟ್ಟ ಇಳಿದು, ಅರಬೈಲ್ ಘಟ್ಟ ಇಳಿದು ನಮ್ಮ ಶಾಲೆಗಳ ಪ್ರವಾಸದ ಬಸ್ಸು ಕಾರವಾರಕ್ಕೆ ಹೋಗುತ್ತದೆ. ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಫೋಟೋ ಆಗುತ್ತದೆ, ಐಸ್‌ಕ್ರೀಂ ಆಗುತ್ತದೆ, ಬಸ್ಸು ಹೊರಡುತ್ತದೆ.

ಆ ವಿಮಾನದ ಒಂದೊಂದು ಎಂಜಿನ್ನಿಗೂ ಎರಡೆರಡು ಪಂಖ, ಒಂದರ ಹಿಂದೆ ಒಂದು, ಒಂದು ಈ ಕಡೆ ತಿರುಗಿದರೆ ಇನ್ನೊಂದು ಆ ಕಡೆ. ಯಾಕೆ? ಮುಂದಿನ ಪಂಖ ಗಾಳಿಯನ್ನು ಹಿಂದಕ್ಕೆ ತಳ್ಳುವುದರ ಜೊತೆಗೆ ಸುಳಿಯಂತೆ ಸುತ್ತಿಸಿಯೂ ಬಿಡುತ್ತದೆ. ಆ ಸುತ್ತು ದಂಡ. ಹಿಂದಿನ ಪಂಖ ಉಲ್ಟಾ ತಿರುಗಿ ಸುಳಿಯನ್ನು ನೇರ ಮಾಡಿ, ಅದರ ಬಲವನ್ನೂ ಕೆಲಸಕ್ಕೆ ಹಚ್ಚುತ್ತದೆ. ಎರಡು ನಿಮಿಷದ ಮಾತು ಇದು. ಯಾವ ಪ್ರವಾಸದಲ್ಲಿ ಯಾವ ಮಗುವಿಗೆ ಯಾರು ಹೇಳಿದ್ದಾರೆ?

"ಬಾಂಬರ್ ಯಾಕೆ? ಕೊಲ್ಲುವ ಯಂತ್ರ ಅಲ್ಲವೇ?"

ಈ ಪ್ರಶ್ನೆ ಕೇಳಿದವರು ನಮ್ಮ ಮೇಷ್ಟ್ರೊಬ್ಬರು. ಇದನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಹೌದು, ಕೊಲ್ಲುವ ಯಂತ್ರವೇ. ಲಿಬರೇಟರ್ ಯುರೋಪಿನ ಊರುಗಳ ಮೇಲೆ, ಬರ್ಮಾದ ರೈಲು ದಾರಿಗಳ ಮೇಲೆ ಬಾಂಬು ಹಾಕಿದೆ. ನಮ್ಮ ನೆರೆಯ ಗೋವಾದ ದಾಬೋಲಿಂ ವಿಮಾನ ನಿಲ್ದಾಣದ ಮೇಲೆ 1961ರ ಡಿಸೆಂಬರ್ 18ರಂದು ಭಾರತದ ಕ್ಯಾನ್‌ಬೆರಾ ಬಾಂಬರ್‌ಗಳು ದಾಳಿ ಮಾಡಿದವು. ಅದೇ ದಿನ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ನಮ್ಮ ನೌಕಾಪಡೆಯವರು ಪ್ರಾಣ ಕೊಟ್ಟರು. ಯುದ್ಧ ನಮಗೆ ದೂರದ ಮಾತಲ್ಲ. ಸೀಬರ್ಡ್ ನೌಕಾನೆಲೆಗಾಗಿ ಸಾವಿರಾರು ಕುಟುಂಬಗಳು ಗದ್ದೆ, ಕಡಲು ಬಿಟ್ಟು ಎದ್ದು ಹೋದ ಜಿಲ್ಲೆ ಇದು.

ಆದ್ದರಿಂದಲೇ ಹೇಳುತ್ತೇವೆ, ಕಟ್ಟಿದವನಿಗೆ ಇದೆಲ್ಲ ಕೇಳಬೇಕು ಅನ್ನಿಸುತ್ತದೆ. ಬಾಂಬಿನ ಬಾಗಿಲು ಕೈಯಾರೆ ಅಂಟಿಸುವಾಗ "ಇದು ತೆರೆದಾಗ ಕೆಳಗೆ ಯಾರಿದ್ದರು?" ಎಂಬ ಪ್ರಶ್ನೆ ನಮ್ಮ ನಾಲ್ವರ ನಡುವೆ ಬಂತು. ಆ ರಾತ್ರಿ ಕೆಲಸ ನಿಲ್ಲಿಸಿ ಅದನ್ನೇ ಮಾತಾಡಿದೆವು. ಹಿಂಬದಿಯ ಮೆಷಿನ್‌ಗನ್ ಗೂಡು ಜೋಡಿಸುವಾಗ ಇಷ್ಟು ಇಕ್ಕಟ್ಟಿನಲ್ಲಿ ಕೂತ ಹುಡುಗನ ವಯಸ್ಸು ನಮಗಿಂತ ಕಡಿಮೆ ಇದ್ದಿರಬಹುದು ಅನ್ನಿಸಿತು. ದೀಪ ಮಿನುಗುವ ಆಟಿಕೆ ಇಂಥ ಪ್ರಶ್ನೆ ಹುಟ್ಟಿಸುವುದಿಲ್ಲ. ಕಡಲತೀರದ ಸೆಲ್ಫಿಯಂತೂ ಇಲ್ಲವೇ ಇಲ್ಲ. ಯುದ್ಧವಿಮಾನವನ್ನು ಬರೀ ಅಲಂಕಾರ ಮಾಡಿ ನಿಲ್ಲಿಸುವುದು ಅಪಾಯ. ಬಿಚ್ಚಿ ನೋಡುವುದು ಅಪಾಯವಲ್ಲ.

ವಿಮಾನ ಬೇಡವೆಂದರೆ ಬೇಡ ಬಿಡಿ. ಅಡಿಕೆ ಸುಲಿಯುವ ಯಂತ್ರದ ಮಾದರಿ ಮಾಡಿ, ಏತ ಮಾಡಿ, ತೂಗುಸೇತುವೆ ಮಾಡಿ. ಮಾಡಿದವರು ಮಕ್ಕಳಾಗಿದ್ದರೆ ಸಾಕು.

ಕೈಕೆಲಸದ ಸೀಮೆಯಲ್ಲಿ ಹೀಗಾಗಬಾರದಿತ್ತು

ಇದು ಯಾವ ಊರು ನೋಡಿ. ಶಿರಸಿ, ಸಿದ್ದಾಪುರದ ಗುಡಿಗಾರರು ಗಂಧದ ತುಂಡಿನಲ್ಲಿ ಕೂದಲೆಳೆಯ ಬಳ್ಳಿ ಕೊರೆದವರು. ಯಕ್ಷಗಾನದ ಕಿರೀಟ, ಭುಜಕೀರ್ತಿಗಳನ್ನು ಹಗುರ ಮರದಲ್ಲಿ ಮಾಡಿ, ಭಾರ ಒಂದು ಕಡೆ ವಾಲದ ಹಾಗೆ ತಲೆಗೆ ಕಟ್ಟುವ ವಿದ್ಯೆ ಇಲ್ಲಿಯದು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಆಳೆತ್ತರ ಮೀರಿದ ರಥ ಮರದ ತುಂಡುಗಳಿಂದ ಏಳುವುದನ್ನು ನಾವು ಬಿಡಕಿಬೈಲಿನ ದಾರಿಯಲ್ಲಿ ನಿಂತು ನೋಡಿದವರು. ರಥದ ಭಾರ ಎಲ್ಲಿ ಕೂರಬೇಕು ಎನ್ನುವುದು ಅವರಿಗೆ ಗೊತ್ತು. ಹಾಳೆಯ ವಿಮಾನದ ಹುಡುಗ ಅವರ ಪೈಕಿ. ಅವನಿಗೆ ನಾವು "ಸಾಲದು" ಎಂದೆವು.

ಇದರ ಫಲ ಏನಾಗುತ್ತದೆ ಗೊತ್ತೇ? ದುಡ್ಡಿದ್ದವರ ಮಗು ವಿಜ್ಞಾನ ಎಂದರೆ ಕೊಳ್ಳುವುದು ಎಂದು ಕಲಿಯುತ್ತದೆ. ದುಡ್ಡಿಲ್ಲದವರ ಮಗು ವಿಜ್ಞಾನ ತನಗಲ್ಲ ಎಂದು ಕಲಿಯುತ್ತದೆ. ನಾಳೆ ತೋಟದ ಪಂಪು ಕೆಟ್ಟರೆ ಬಿಚ್ಚಿ ನೋಡುವ ಧೈರ್ಯ ಇಬ್ಬರಿಗೂ ಇರುವುದಿಲ್ಲ.

ತಪ್ಪು ಯಾರದು? ಅಪ್ಪ ಅಮ್ಮಂದಿರಿಗೆ ಮಗು ಹಿಂದೆ ಬೀಳುತ್ತದೆಂಬ ಹೆದರಿಕೆ. ಶಿಕ್ಷಕರಿಗೆ ಸಂಜೆಯೊಳಗೆ ಗ್ರೂಪಿಗೆ ಚಂದದ ಫೋಟೋ ಹಾಕಬೇಕಾದ ಒತ್ತಡ. ತೀರ್ಪುಗಾರರಿಗೆ ಹತ್ತು ನಿಮಿಷದಲ್ಲಿ ನಲವತ್ತು ಮಾದರಿ ನೋಡುವ ಅವಸರ. ನಾವು ಪತ್ರಕರ್ತರೂ ಸಾಚಾ ಅಲ್ಲ. ಬಹುಮಾನ ಪಡೆದ ದೀಪದ ವಿಮಾನದ ಫೋಟೋ ಪತ್ರಿಕೆಗೆ ಕಳಿಸಿದ್ದು ನಮ್ಮ ನಾಲ್ವರಲ್ಲಿ ಒಬ್ಬರೇ. "ವಿದ್ಯಾರ್ಥಿ ತಯಾರಿಸಿದ ವಿಮಾನ" ಎಂದು ಬರೆದದ್ದೂ ನಾವೇ. ಅದು ಸುಳ್ಳು. ಇಲ್ಲಿ ಒಪ್ಪಿಕೊಳ್ಳುತ್ತೇವೆ.

ದುಡ್ಡಿನ ನೆಪ ಬೇಡ

ಸರ್ಕಾರದ ದುಡ್ಡು ಇಲ್ಲವೆಂದಲ್ಲ. ಕೇಂದ್ರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ತಯಾರಿಸಲು 10,000 ರೂಪಾಯಿ ಬರುತ್ತದೆ. ಅಟಲ್ ಟಿಂಕರಿಂಗ್ ಲ್ಯಾಬ್ ಸಿಕ್ಕ ಶಾಲೆಗೆ 20 ಲಕ್ಷದವರೆಗೆ ನೆರವಿದೆ. ಆ ಹತ್ತು ಸಾವಿರ ಮಗುವಿನ ಕೈಯಿಂದ ನೇರ ಅಂಗಡಿಗೆ ಹೋಗಬಾರದು, ಆ ಲ್ಯಾಬಿನ ಬೀಗ ಇನ್‌ಸ್ಪೆಕ್ಷನ್ ದಿನ ಮಾತ್ರ ತೆಗೆಯಬಾರದು. ಯಾವ ಯೋಜನೆಯೂ ಸಿಗದ ಶಾಲೆಗೆ ಹಾಳೆ, ಬಿದಿರು, ರಟ್ಟು, ಸೈಕಲ್ ಟ್ಯೂಬು, ಕೆಟ್ಟ ಮಿಕ್ಸರಿನ ಮೋಟಾರು ಸಾಲದೇ?

ನಮ್ಮ ಬೇಡಿಕೆ ಇಷ್ಟು:

1. ವಸ್ತುಪ್ರದರ್ಶನದ ಮಾದರಿಗಳನ್ನು ಶಾಲೆಯಲ್ಲೇ, ಶಿಕ್ಷಕರ ಕಣ್ಣೆದುರೇ ಮಾಡಿಸಿ. ವಾರಕ್ಕೆ ಎರಡು ಪೀರಿಯಡ್ ಕೊಡಿ. ಮನೆಯಿಂದ ಸಾಮಾನು ತರಲಿ, ಸಿದ್ಧ ಮಾದರಿ ಬೇಡ.

2. ಅರ್ಧ ಅಂಕ ಬಿಚ್ಚಿ ಜೋಡಿಸಿ ತೋರಿಸುವುದಕ್ಕೆ. ಬಿಚ್ಚಲಾಗದ ಮಾದರಿಗೆ ಮೊದಲ ಬಹುಮಾನ ಇಲ್ಲ.

3. ಪ್ರತಿ ಮಾದರಿಯ ಪಕ್ಕ ಒಂದು ತಪ್ಪಿನ ಪಟ್ಟಿ ಇರಲಿ: ಎಷ್ಟು ಸಲ ಕೆಟ್ಟಿತು, ಯಾಕೆ, ಆಮೇಲೆ ಏನು ಮಾಡಿದೆ. ಕನ್ನಡದಲ್ಲಿ, ಕೈಬರಹದಲ್ಲಿ.

4. ಗ್ರಾಮ ಪಂಚಾಯತ್‌ನ ಅರಿವು ಕೇಂದ್ರಗಳಲ್ಲಿ ಪುಸ್ತಕದ ಕಪಾಟಿನ ಪಕ್ಕ ಒಂದು ಮೇಜು ಹಾಕಿ. ಸ್ಕ್ರೂಡ್ರೈವರ್, ಕತ್ತರಿ, ಗರಗಸ, ಪಾಲಿಶ್ ಪೇಪರ್, ಅಂಟು. ಊರಿನ ಬಡಗಿ, ವೈರ್‌ಮನ್, ವೇಷಭೂಷಣ ಮಾಡುವವರು ತಿಂಗಳಿಗೊಂದು ಶನಿವಾರ ಬಂದು ಕೂರಲಿ, ಅವರಿಗೆ ಗೌರವಧನ ಕೊಡಿ.

5. ಕಾರವಾರ ಪ್ರವಾಸಕ್ಕೆ ಹೋಗುವ ಪ್ರತಿ ಮಗುವಿನ ಕೈಯಲ್ಲಿ ಐದು ಪ್ರಶ್ನೆಗಳ ಚೀಟಿ ಇರಲಿ. ಉತ್ತರ ಸಿಗದೆ ಬಸ್ಸು ಹತ್ತುವ ಹಾಗಿಲ್ಲ.

6. ಇದು ನಮಗೆ ನಾವೇ ಹಾಕಿಕೊಂಡ ಕಟ್ಟು. ಇನ್ನು ಮುಂದೆ ಯಾವ ಶಾಲೆಯ ಮಾದರಿಯ ಫೋಟೋ ಹಾಕುವ ಮೊದಲೂ "ಇದನ್ನು ಮಾಡಿದ್ದು ಯಾರು? ಬಿಚ್ಚಿ ತೋರಿಸು" ಎಂದು ಮಗುವನ್ನೇ ಕೇಳುತ್ತೇವೆ. ಉತ್ತರ ಬಾರದಿದ್ದರೆ ಫೋಟೋ ಇಲ್ಲ, ಯಾರು ಫೋನ್ ಮಾಡಿದರೂ ಇಲ್ಲ.

ಇದನ್ನು ಓದುತ್ತಿರುವ ಶಿಕ್ಷಕರಿಗೆ, ಎಸ್‌ಡಿಎಂಸಿ ಸದಸ್ಯರಿಗೆ, ಅಪ್ಪ ಅಮ್ಮಂದಿರಿಗೆ ಒಂದೇ ಮಾತು. ಈ ಸಲದ ಪ್ರದರ್ಶನದ ಹಿಂದಿನ ಸಂಜೆ ಪೇಟೆಗೆ ಹೋಗಬೇಡಿ. ಮಗು ಮಾಡಿದ್ದು ಸೊಟ್ಟಗಿದ್ದರೆ ಸೊಟ್ಟಗೇ ಇರಲಿ.

ಮಾರನೇ ದಿನ ನಾವು ಆ ಶಾಲೆಗೆ ಮತ್ತೆ ಹೋದೆವು. ಹಾಳೆಯ ವಿಮಾನವನ್ನು ಗೊಬ್ಬರಗುಂಡಿಯಿಂದ ತೆಗೆದುಕೊಂಡು ಬಂದೆವು. ಒಂದು ರೆಕ್ಕೆ ಮುರಿದಿದೆ, ಮೂತಿಯ ಮಣ್ಣು ಹಾಗೇ ಇದೆ. ಅದು ಈಗ ನಮ್ಮ ಜಗಲಿಯಲ್ಲಿ ಲಿಬರೇಟರಿನ ಪಕ್ಕದಲ್ಲಿದೆ. ಮುಂದಿನ ವಾರ ಆ ಹುಡುಗ ಬರುತ್ತಾನೆ, ರೆಕ್ಕೆ ಅವನೇ ಹಾಕಬೇಕು. ನಮ್ಮ ಓರೆ ಎಂಜಿನ್ ಸರಿ ಮಾಡುವುದು ಹೇಗೆ ಎಂದು ಅವನನ್ನೇ ಕೇಳುವವರಿದ್ದೇವೆ.